ಚೇಣಿಗೆ ಹೋದ ಬೆನ್ನು

ಸುಮನಾಳ ಚಿತ್ರವೊಂದನ್ನು ಪೋರ್ಚುಗಲ್ಲಿನ ಹಲ್ಲಿನ ಡಾಕ್ಟರೊಬ್ಬಳು ಕೊಂಡಳು ಎಂದು ಕೇಳಿದ ಕೂಡಲೇ ನಾನು ಮಾಡಿದ ಕೆಲಸವೆಂದರೆ ಗಟ್ಟಿಯಾದ ಒಂದು ರಟ್ಟಿನ ಪೆಟ್ಟಿಗೆ ಹುಡುಕಿದ್ದು. ಕೊಪ್ಪ ಬಸ್ ಸ್ಟ್ಯಾಂಡಿನ ಹಿಂದಿನ ಕೊರಿಯರ್ ಆಫೀಸಿನಲ್ಲಿ ಕೌಂಟರಿಗೆ ಕೂರುವವನು ನಾನು. ನಮ್ಮ ಶಾಖೆಯಿಂದ ಹೊರದೇಶಕ್ಕೆ ಹೋಗುವುದು ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಬಾಣಂತಿಯರ ಲೇಹ್ಯ. ಕಲೆ ಹೋಗುವುದು ಇದೇ ಮೊದಲು. ಅದಕ್ಕೆ ತಕ್ಕ ಮರ್ಯಾದೆ ಆಗಬೇಡವೇ? ಪೆಟ್ಟಿಗೆಯ ಒಳಗೆಲ್ಲ ಥರ್ಮೋಕೋಲು ಕೂರಿಸಿದೆ. ಹೊರಗೆ ಕೆಂಪು ಮಾರ್ಕರಿನಲ್ಲಿ ಗಾಜಿನ ಲೋಟದ ಗುರುತು ಬರೆದೆ. ಅದು ಎಲ್ಲರಿಗೂ ಸುಲಿದ ತೆಂಗಿನಕಾಯಿಯಂತೆ ಕಂಡಿತು. ಲಿಸ್ಬನ್ನಿಗೆ ಎಷ್ಟು ದಿನ, ಕಸ್ಟಮ್ಸಿಗೆ ಯಾವ ಕಾಗದ ಎಂದು ನಮ್ಮ ದೊಡ್ಡ ಆಫೀಸಿಗೆ ಫೋನು ಮಾಡಿ ಬೈಸಿಕೊಂಡೆ. ಅಷ್ಟೆಲ್ಲ ಆದ ಮೇಲೆ ಪೆಟ್ಟಿಗೆಯನ್ನು ಹೋಗಿಬರುವವರಿಗೆಲ್ಲ ಕಾಣುವ ಹಾಗೆ ಕೌಂಟರಿನ ಮೇಲಿಟ್ಟು ಕಾದೆ.

ವಾರ ಕಳೆದ ಮೇಲೆ ಸುಮನಾ ಬಂದಳು. ಅದೂ ಯಾರದೋ ಮದುವೆಯ ಕರೆಯೋಲೆ ಕಟ್ಟು ಕಳಿಸುವುದಕ್ಕೆ.

“ಇದೆಂತ ಮಾರಾಯ, ಇಷ್ಟು ದೊಡ್ಡ ಪೆಟ್ಟಿಗೆ?”

“ನಿಂದೇ. ಪೋರ್ಚುಗಲ್ಲಿಗೆ.”

“ಒಳಗೆ ಎಂತ ಹಾಕ್ತೀಯ?”

“ಚಿತ್ರ ಮಾರಾಯ್ತಿ! ತಂದುಕೊಡು, ಇವತ್ತಿನ ಗಾಡಿಗೇ ಹಾಕ್ತೀನಿ.”

“ಅದು ಹೋಗಿ ವಾರ ಆಯ್ತಲ್ಲ.”

ನನಗೆ ನಿಜಕ್ಕೂ ಬೇಜಾರಾಯಿತು. “ಯಾರ ಕೈಲಿ ಕಳ್ಸಿದೆ? ಆ ಪೆಟ್ರೋಲ್ ಬಂಕಿನ ಎದುರಿನವರ ಕೈಲಾ? ಅವರು ಬಾಳೆಹೊನ್ನೂರಿಗೆ ಹಾಕಿದ ಪಾರ್ಸೆಲ್ಲೇ ಬಳ್ಳಾರಿಗೆ ಹೋಗಿ ಕೂತಿತ್ತು, ಗೊತ್ತುಂಟಾ?”

ಸುಮನಾ ಕರೆಯೋಲೆ ಕಟ್ಟನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ಆಗ ಅವಳ ಮುಖದಲ್ಲಿ ಒಂದು ದಣಿವು ಕಂಡಿತು. ಎಲ್ಲವನ್ನೂ ಮತ್ತೆ ಮೊದಲಿಂದ ಹೇಳಬೇಕಲ್ಲ ಎನ್ನುವವರ ದಣಿವು. ಮುಂದೆ ಆ ಮುಖವನ್ನು ನಾನು ಬಹಳ ಸಲ ನೋಡಿದೆ. ಹೆಚ್ಚಿನ ಸಲ ಕಾರಣ ನಾನೇ.

ಚಿತ್ರ ಇರುವುದು ಕಂಪ್ಯೂಟರಿನಲ್ಲಿ ಎಂದಳು. ಕಾಗದದ ಮೇಲೆ ಅದು ಯಾವತ್ತೂ ಇರಲೇ ಇಲ್ಲ. ಅದರ ಒಡತಿ ಈಗ ಇನೇಸ್ ಎಂಬುವಳು ಎಂಬ ಸಂಗತಿ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ದಾಖಲಾಗಿದೆ. ಒಬ್ಬ ಒಂದು ಕಡೆ ಅಳಿಸಿದರೆ ಉಳಿದವು ಒಪ್ಪುವುದಿಲ್ಲ. ಬ್ಲಾಕ್‌ಚೈನ್ ಅನ್ನುವುದು ಅದಕ್ಕೇ.

“ಅಂದ್ರೆ ಮಾರಿದ್ದು ಇನ್ನೂ ನಿನ್ನ ಹತ್ರಾನೇ ಇದೆ?”

“ಇದೆ.”

“ಅವಳ ಹತ್ರಾನೂ ಇದೆ?”

“ಇದೆ.”

“ನಾನು ಫೋನಲ್ಲಿ ನೋಡಿದ್ರೆ ನನಗೂ ಸಿಗ್ತದೆ?”

“ನೋಡೋಕೆ ಸಿಗ್ತದೆ. ಒಡೆತನ ಅವಳದ್ದು.”

“ಹಾಗಾದ್ರೆ ಆ ಪುಣ್ಯಾತ್ಗಿತ್ತಿ ದುಡ್ಡು ಕೊಟ್ಟಿದ್ದು ಎಂತಕ್ಕೆ?”

“ಕರೆಯೋಲೆ ತೂಕ ಹಾಕು ಗುರು,” ಎಂದಳು ಸುಮನಾ.

ಪೆಟ್ಟಿಗೆಯನ್ನು ಏನು ಮಾಡುವುದೆಂದು ತೋಚದೆ ಅವಳಿಗೇ ಕೊಟ್ಟೆ. ಅವಳು ಕೆಲಸ ಮಾಡುವ ಅಂಗಡಿಯಲ್ಲಿ ಅದರ ಮೇಲೆ ಫ್ಲಾಸ್ಕು ಇಡತೊಡಗಿದರು.

ಆ ಅಂಗಡಿ ಗಣಪಯ್ಯನವರದು, ಫ್ಲೆಕ್ಸ್ ಪ್ರಿಂಟಿಂಗಿನದು. ಸುಮನಾ ನರಸಿಂಹರಾಜಪುರದವಳು. ಇಲ್ಲಿ ಕೊಪ್ಪದಲ್ಲಿ ಬಿ.ಕಾಂ. ಓದುವಾಗ ಅವಳದು ನನ್ನ ಹಿಂದಿನ ಬೆಂಚು. ಅವಳು ನಡುವೆಯೇ ಓದು ಬಿಟ್ಟು ಗಣಪಯ್ಯನವರಲ್ಲಿ ಸೇರಿದಳು. ನಾನು ಪಾಸಾಗಿ ಕೊರಿಯರ್ ಆಫೀಸು ಸೇರಿದೆ. ಇಬ್ಬರ ಸಂಬಳದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ನನ್ನ ಪದವಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಕ್ಕೇನಿಲ್ಲ.

ಗಣಪಯ್ಯನವರ ಅಂಗಡಿಯಲ್ಲಿ ಅವಳ ಮುಖ್ಯ ಕೆಲಸ ಸತ್ತವರಿಗೆ ಕೋಟು ತೊಡಿಸುವುದು. ಈ ಕಡೆ ಯಾರೇ ತೀರಿಕೊಂಡರೂ ಮರುದಿನ ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸು ನಿಲ್ಲಬೇಕು. ಮನೆಯವರು ತರುವುದು ವೋಟರ್ ಕಾರ್ಡಿನ ಫೋಟೋ, ಇಲ್ಲವೆ ಯಾರದೋ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡಾಗ ತೆಗೆದದ್ದು. “ಬಾಯಿ ಮುಚ್ಚಿಸಿ, ಒಂದು ಕೋಟು ಹಾಕಿ ಮೇಡಂ,” ಎನ್ನುತ್ತಾರೆ. ಬದುಕಿದ್ದಾಗ ಅಂಗಿಯ ಮೇಲಿನ ಗುಂಡಿಯನ್ನೂ ಹಾಕದಿದ್ದವರು ಸುಮನಾಳ ಕೈಯಲ್ಲಿ ಟೈ ಕಟ್ಟಿಕೊಂಡು ಹೋದರು. ಮುಚ್ಚಿದ ಕಣ್ಣನ್ನು ಅವಳು ತೆರೆಸುತ್ತಿದ್ದಳು; ಅಣ್ಣನ ಕಣ್ಣು ಸರಿಯಿಲ್ಲದಿದ್ದರೆ ತಮ್ಮನದನ್ನು ತಂದು ಕೂರಿಸುತ್ತಿದ್ದಳು. ಇಷ್ಟೆಲ್ಲ ಮಾಡಿಸಿಕೊಂಡವರು ಕೊನೆಗೆ ಹೇಳುವ ಮಾತು ಒಂದೇ: “ಕಂಪ್ಯೂಟರೇ ಮಾಡ್ತದಲ್ಲ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ.”

ಊಟದ ಬಿಡುವಿನಲ್ಲಿ ಅವಳು ಹಳೆಯ ಟ್ಯಾಬ್ಲೆಟ್ಟೊಂದನ್ನು ಹಿಡಿದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರುತ್ತಿದ್ದಳು, ಚಿತ್ರ ಬರೆಯುವುದಕ್ಕೆ. ಮೊದಮೊದಲು ಮುಖಗಳನ್ನೇ ಬರೆದಳು. ಬರೆದರೆ ಆ ಮುಖದವರು ಎದ್ದು ಬಂದು, “ನಂದಾ ಇದು? ವಾಟ್ಸಾಪ್ ಮಾಡು. ಮೂಗು ಸ್ವಲ್ಪ ಸಣ್ಣ ಮಾಡು,” ಎನ್ನುತ್ತಿದ್ದರು. ಒಬ್ಬರಂತೂ ಕೋಟೂ ಕೇಳಿದರು. ರೋಸಿಹೋಗಿ ಅವಳು ಹಿಂದಿನ ಸಾಲಿನ ಬೆಂಚಿಗೆ ಹೋಗಿ ಕೂತು ಬೆನ್ನು ಬರೆಯತೊಡಗಿದಳು. ಬೆನ್ನನ್ನು ಯಾರೂ ತಮ್ಮದೆಂದು ಗುರುತಿಸುವುದಿಲ್ಲ. ಗುರುತಿಸಿದರೂ ಬೇಕೆನ್ನುವುದಿಲ್ಲ.

ಆ ಬೆನ್ನುಗಳು ಚೆನ್ನಾಗಿದ್ದವು. ನಾನು ಚಿತ್ರದ ವಿಷಯ ಬಲ್ಲವನಲ್ಲ, ಆದರೂ ಹೇಳುತ್ತೇನೆ. ಶೃಂಗೇರಿ ಬಸ್ಸು ತಡವಾದಾಗ ನಿಂತ ಬೆನ್ನಿಗೂ, ಬಸ್ಸು ಬರುವುದೇ ಇಲ್ಲವೆಂದು ತಿಳಿದ ಬೆನ್ನಿಗೂ ಇರುವ ವ್ಯತ್ಯಾಸ ಅವುಗಳಲ್ಲಿ ಕಾಣುತ್ತಿತ್ತು. ಇನೇಸ್ ಕೊಂಡದ್ದು ಅಂಥದೊಂದನ್ನು: ಗೋಣಿಚೀಲದಲ್ಲಿ ಹಲಸಿನ ಹಣ್ಣು ಹೊತ್ತು ನಿಂತ ಹೆಂಗಸು. ಚೀಲದ ಭಾರಕ್ಕೆ ಒಂದು ಭುಜ ಇಳಿದಿದೆ, ಬೆವರಿಗೆ ರವಿಕೆ ಬಣ್ಣ ಬದಲಾಯಿಸಿದೆ. ‘ದಿನವಿಡೀ ತೆರೆದ ಬಾಯಿಗಳನ್ನೇ ನೋಡುವ ನನಗೆ ಬೆನ್ನು ನೋಡಿ ಜೀವ ತಂಪಾಯಿತು’ ಎಂದು ಇನೇಸ್ ಬರೆದಿದ್ದಳಂತೆ.

ಈ ವಹಿವಾಟನ್ನು ಸುಮನಾ ತಾನೇ ಒದ್ದಾಡಿ ಕಲಿತವಳು. ಚಿತ್ರವನ್ನು ಆನ್‌ಲೈನ್ ಸಂತೆಯಲ್ಲಿ ಇಟ್ಟು ಒಂದು ವರ್ಷದ ಮೇಲೂ ಯಾರೂ ತಿರುಗಿ ನೋಡಿರಲಿಲ್ಲ. ಇಟ್ಟದ್ದಕ್ಕೇ ಶುಲ್ಕ ಬೇರೆ. ಮಾರಾಟವಾದ ಮೇಲೆ ಬ್ಯಾಂಕಿನವರು ಕರೆದು ಕೇಳಿದರು: “ಎಂತ ಮಾರಿದ್ದಮ್ಮ?” “ಬೆನ್ನು ಸಾರ್.” “ಯಾರದ್ದು?” ಹೀಗೆ ಒಂದು ಮಧ್ಯಾಹ್ನ ಹೋಯಿತು. ಗಣಪಯ್ಯನವರು, “ಅದೇನೋ ಜೂಜಿನ ಆಟವಂತಲ್ಲ,” ಎಂದರು. ಊರಲ್ಲಿ ಅವಳನ್ನು ಹೆಣ್ಣು ಕೇಳಲು ಬಂದವರು, “ಹುಡುಗಿ ಬಿಟ್‌ಕಾಯಿನ್ ಮಾಡ್ತಾಳಂತೆ, ಮನೇಲೇ ಮಾಡ್ತಾಳಾ, ಮಿಶಿನ್ ಉಂಟಾ?” ಎಂದು ವಿಚಾರಿಸಿಕೊಂಡು ಹೋದರು. ಅವಳು ಎಲ್ಲರಿಗೂ ಒಂದೊಂದು ಸಲ ಬಿಡಿಸಿ ಹೇಳಿದಳು. ಎರಡನೆಯ ಸಲ ಕೇಳಿದವರಿಗೆ “ಹೌದು” ಎಂದುಬಿಟ್ಟಳು.

ಅರ್ಥವಾಯಿತು ಎಂದವರು ಒಬ್ಬರೇ, ಅವಳ ಅಪ್ಪ ರೇಣುಕಪ್ಪನವರು. ಆಗಲೇ ನಾವು ಹೆದರಬೇಕಾಗಿತ್ತು.

ರೇಣುಕಪ್ಪನವರದು ಚೇಣಿ ವ್ಯವಹಾರ. ತೋಟ ಮಾಲೀಕರದ್ದೇ, ಆ ವರ್ಷ ಮರದ ಮೇಲಿರುವ ಅಡಿಕೆ ಮಾತ್ರ ಚೇಣಿ ಹಿಡಿದವನದು. ಕೊಯ್ಲು ಮುಗಿದರೆ ಅವನ ಹಕ್ಕೂ ಮುಗಿಯಿತು; ಮುಂದಿನ ಫಸಲಿಗೆ ಮತ್ತೆ ಮಾತು. ಮರ ನೋಡಿ ಬಾಯಿಮಾತಲ್ಲಿ ಹಿಡಿಯುತ್ತಾರೆ, ಸಾಕ್ಷಿಗೆ ಮೂರನೆಯವನೊಬ್ಬ ಇರುತ್ತಾನೆ, ಎಲೆ ಅಡಿಕೆ ಕೈ ಬದಲಾದರೆ ಆಯಿತು. ನರಸಿಂಹರಾಜಪುರದಿಂದ ಭಂಡಿಗಡಿಯವರೆಗೆ ಅವರು ಚೇಣಿ ಹಿಡಿಯದ ತೋಟವಿಲ್ಲ, ಅವರ ಮಾತು ತಪ್ಪಿತೆಂದವರೂ ಇಲ್ಲ. ಕೊಪ್ಪಕ್ಕೆ ಬಂದಾಗಲೆಲ್ಲ ಬಸ್ಸಿಗೆ ಹೊತ್ತಿದ್ದರೆ ನಮ್ಮ ಆಫೀಸಿನ ಬೆಂಚಿನ ಮೇಲೆ ಕೂರುತ್ತಿದ್ದರು.

“ಏನ್ ಭಟ್ರೇ, ನನ್ನ ಮಗಳು ಗಾಳಿ ಮಾರಿದಾಳಂತಲ್ಲ?”

ನಾನು ಬೇಗಾರ್ ಕಡೆಯ ಪುರೋಹಿತರ ಮನೆಯವನಾದ್ದರಿಂದ ಅವರಿಗೆ ಭಟ್ರು. ಎರಡು ಸಾಲು ಮಂತ್ರ ನೆಟ್ಟಗೆ ಬಾರದ ಭಟ್ಟ. ಸುಮನಾ ನನಗೆ ಹೇಳಿದ್ದನ್ನೆಲ್ಲ, ನನಗೆ ಅರ್ಥವಾಗದ್ದನ್ನೂ ಸೇರಿಸಿ, ಅವರಿಗೆ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

“ಹಾಗಂದ್ರೆ ತೋಟ ಇವಳ ಹತ್ರಾನೇ ಇದೆ. ಫಸಲು ಆ ಯಮ್ಮಂದು.”

“ಹೂಂ... ಹಾಗೇ ಅನ್ನಿ.”

“ಚೇಣಿ ಅನ್ನಿ ಮತ್ತೆ! ಇಷ್ಟಕ್ಕೆ ಇಷ್ಟು ಹೊತ್ತು ತಲೆ ತಿಂದ್ರಲ್ಲ.”

ನನಗೆ ರೋಮಾಂಚನವಾಯಿತು. ಇಡೀ ಜಗತ್ತು ತಡಕಾಡುತ್ತಿರುವ ವಿಷಯವನ್ನು ಒಂದು ಮಾತಿನಲ್ಲಿ ಮುಗಿಸಿದ್ದರು. “ಹೌದು ನೋಡಿ, ಚೇಣಿನೇ!” ಎಂದು ಕೌಂಟರ್ ತಟ್ಟಿದೆ. ಅವತ್ತಿಡೀ ಪಾರ್ಸೆಲ್ ಕೊಡಲು ಬಂದವರಿಗೆಲ್ಲ ಅದನ್ನೇ ಹೇಳಿದೆ. ಸಂಜೆ ಸುಮನಾಳಿಗೂ ಹೇಳಿದೆ.

“ಚೇಣಿ ಅಲ್ಲ ಅದು,” ಎಂದಳು.

“ಹತ್ತಿರ ಹತ್ತಿರ ಚೇಣಿ?”

“ಅಲ್ಲ.” ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕುತ್ತ, “ಹೋಗಲಿ ಬಿಡು. ಗಾಳಿ ಮಾರಿದ್ಲು ಅನ್ನೋದಾದ್ರೂ ನಿಲ್ಲಲಿ,” ಎಂದಳು.

ಮಗಳು ಚೇಣಿ ಕೊಟ್ಟ ಸಂಗತಿಯನ್ನು ರೇಣುಕಪ್ಪನವರು ಊರೆಲ್ಲ ಹೇಳಿಕೊಂಡು ಬಂದರು. ತೋರಿಸಲು ಚಿತ್ರ ಬೇಕೆಂದು ಹಟ ಹಿಡಿದಾಗ ಸುಮನಾ ದೊಡ್ಡ ಫೈಲನ್ನೇ ಅವರ ಫೋನಿಗೆ ಕಳಿಸಿದಳು. ಸಣ್ಣದು ಕಳಿಸಿದರೆ ಹಲಸಿನ ಮುಳ್ಳು ಕಾಣುವುದಿಲ್ಲವಂತೆ.

ಅಷ್ಟರಲ್ಲಿ ಆ ಆನ್‌ಲೈನ್ ಸಂತೆಯಲ್ಲಿ ಬೆಲೆಗಳೇ ಬಿದ್ದುಹೋದವು. ಸುಮನಾಳನ್ನು ನೋಡಿ ಈ ವಹಿವಾಟಿಗೆ ಇಳಿದಿದ್ದವರಲ್ಲಿ ಅವಳ ಚಿಕ್ಕಪ್ಪನ ಮಗ ಉಜ್ವಲ್ ಮುಖ್ಯನಾದವನು. ಅವನು ಕೂಲಿಂಗ್ ಗ್ಲಾಸ್ ಹಾಕಿದ ಮಂಗನ ಚಿತ್ರಗಳನ್ನು ಮಾರಾಟಕ್ಕಿಟ್ಟಿದ್ದ. ಪಟಾಕಿ ಹೊಡೆದು, ಕೋವಿ ಹಿಡಿದು ಮಂಗ ಓಡಿಸುವ ಊರಿನಲ್ಲಿ ಹುಟ್ಟಿದವನಿಗೆ ಕಾಸು ಕೊಟ್ಟು ಮಂಗ ಕೊಳ್ಳುವವರಿದ್ದಾರೆ ಎಂಬ ನಂಬಿಕೆ ಎಲ್ಲಿಂದ ಬಂತೋ! ಒಂದೂ ಹೋಗಲಿಲ್ಲ. ಅವನು ಸೈಟು ಮಾರುವವರ ಹಿಂದೆ ಓಡಾಡತೊಡಗಿದ. ಸುಮನಾ ಮಾತ್ರ ಬಿಡಲಿಲ್ಲ. ಬೆಳಗ್ಗೆಯಿಂದ ಕೋಟು, ಮಧ್ಯಾಹ್ನ ಬೆನ್ನು. ಆಗೊಂದು ಈಗೊಂದು ಚಿತ್ರ ಹೋಗುತ್ತಿತ್ತು. ಒಂದು ಚಿತ್ರಕ್ಕೆ ಒಂದೇ ಪ್ರತಿ, ಒಬ್ಬರೇ ಒಡೆಯರು. ಇದು ಅವಳು ಕೊಂಡವರಿಗೆಲ್ಲ ಕೊಟ್ಟ ಮಾತು.

ಎರಡು ವರ್ಷದ ಮೇಲೆ ಆ ಮಾತಿಗೆ ಬೆಲೆ ಬಂತು. ಹೆಸರಿರುವ ಆನ್‌ಲೈನ್ ಗ್ಯಾಲರಿಯೊಂದು ಅವಳ ಹನ್ನೆರಡು ಬೆನ್ನುಗಳನ್ನು ಒಟ್ಟಿಗೆ ಪ್ರದರ್ಶನಕ್ಕೆ ಆರಿಸಿತು. ಅದರಲ್ಲಿ ನಿಂತರೆ ಕೊಳ್ಳುವವರು ತಾವಾಗಿ ಹುಡುಕಿಕೊಂಡು ಬರುತ್ತಾರೆ. ಅವಳು ಫ್ಲೆಕ್ಸ್ ಬಿಟ್ಟು ಇದರಲ್ಲೇ ಬದುಕಬಹುದು. ಯುಗಾದಿಗೆ ಕೆಲಸ ಬಿಡುತ್ತೇನೆಂದು ಗಣಪಯ್ಯನವರಿಗೆ ಹೇಳಿಯೂ ಆಯಿತು. ಅವರು, “ನಿನ್ನ ಹಾಗೆ ಕೋಟು ಹಾಕೋರು ಯಾರಿದಾರೆ ಮಾರಾಯ್ತಿ,” ಎಂದು ಎರಡು ದಿನ ಊಟದ ಹೊತ್ತಿಗೆ ಮುಖ ಊದಿಸಿಕೊಂಡಿದ್ದರು.

ಆಗ ಇನೇಸಳ ಪತ್ರ ಬಂತು. ಅದರ ಜೊತೆ ಒಂದು ಸ್ಕ್ರೀನ್‌ಶಾಟು. ಅದೇ ಹಲಸಿನ ಹಣ್ಣು, ಅದೇ ಇಳಿದ ಭುಜ. ಕೆಳಗೆ ‘ಮಲ್ನಾಡ್ ಲೇಡಿ’ ಎಂದು ಹೆಸರು, ಬೇರೆ ಯಾರೋ ಕೊಂಡಿದ್ದಾರೆಂಬ ಗುರುತು. ‘ನನ್ನ ಚಿತ್ರಕ್ಕೆ ಇನ್ನೊಬ್ಬ ಒಡೆಯನಿದ್ದಾನೆ. ಇದು ನಿನಗೆ ಗೊತ್ತಿತ್ತೆ?’ ಎಂದು ಕೇಳಿದ್ದಳು. ಗ್ಯಾಲರಿಯವರಿಗೂ ಸುದ್ದಿ ಹೋಗಿತ್ತು. ಮೊದಲು ಕೊಂಡವಳು ತಕರಾರಿಲ್ಲ ಎಂದು ಬರೆದು ಕೊಡಬೇಕು, ಇಲ್ಲದಿದ್ದರೆ ಹನ್ನೆರಡೂ ಹೊರಗೆ ಎಂದು ಅವರು ತಿಳಿಸಿದರು. ಮಾರಿದವನ ಹೆಸರು ಹುಡುಕಬೇಕಾಗಿರಲಿಲ್ಲ. ಅವನ ಗುರುತಿನ ಚಿತ್ರ ಕೂಲಿಂಗ್ ಗ್ಲಾಸ್ ಹಾಕಿದ ಮಂಗ.

ಭಾನುವಾರ ಮೊದಲ ಬಸ್ಸಿಗೆ ನರಸಿಂಹರಾಜಪುರಕ್ಕೆ ಹೋದೆವು. ನನ್ನನ್ನು ಯಾಕೆ ಕರೆದಳೋ ತಿಳಿಯಲಿಲ್ಲ. ಮನೆ ಮುಟ್ಟಿದಾಗ ರೇಣುಕಪ್ಪನವರು ಪೂಜೆ ಮುಗಿಸಿ ಜಗಲಿಯಲ್ಲಿ ಬನಿಯನ್ನಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಉಜ್ವಲನಿಗೆ ಫೋನು ಹೋಯಿತು. ಪಕ್ಕದ ಮನೆಯವನೇ, ಹಲ್ಲುಜ್ಜುತ್ತ ಬಂದ.

“ಅಪ್ಪಾಜಿ, ನನ್ನ ಚಿತ್ರ ಉಜ್ವಲನಿಗೆ ಕೊಟ್ರಾ?”

“ಕೊಟ್ಟೆ. ನೀನು ಕಳಿಸಿದ್ದಿತ್ತಲ್ಲ ಫೋನಲ್ಲಿ.”

“ಯಾಕೆ ಕೊಟ್ರಿ?”

“ಆ ಯಮ್ಮನ ಫಸಲು ಮುಗಿದು ಯಾವ ಕಾಲ ಆಯ್ತು! ನೀನು ಸುಮ್ನೆ ಖಾಲಿ ಬಿಟ್ಕೊಂಡು ಕೂತಿದ್ದೆ. ಇವನು ಕೇಳಿದ. ಯಾರೋ ತಗೊಳ್ಳೋರಿದ್ದಾರೆ ಅಂದ. ಬಿಟ್ಟ ತೋಟ ಚೇಣಿಗೆ ಹೋದ್ರೆ ನಿನಗೇ ಅಲ್ವಾ ಬರೋದು ಅಂತ ನಾನೇ ಮಾತಾಡಿ ಮುಗಿಸಿದೆ. ದುಡ್ಡು ಒಳಗೆ ದೇವರ ಮುಂದೆ ಇದೆ ನೋಡು, ಮುಟ್ಟಿಲ್ಲ.”

“ಅದು ಚೇಣಿ ಅಲ್ಲ ಅಪ್ಪಾಜಿ!”

“ಮತ್ತೇನು, ಕ್ರಯನಾ? ಕ್ರಯ ಆಗಿದ್ರೆ ಮಾಲು ನಿನ್ನ ಹತ್ರ ಯಾಕಿದೆ? ಭಟ್ರೂ ಅವತ್ತು ಹೌದು ಅಂದ್ರು. ಕೌಂಟರ್ ಬೇರೆ ಕುಟ್ಟಿದ್ರು.”

ಮೂವರೂ ನನ್ನ ಕಡೆ ತಿರುಗಿದರು. ನಾನು ಕಾಫಿ ಲೋಟದ ತಳವನ್ನು ಪರೀಕ್ಷಿಸಿದೆ.

ಉಜ್ವಲ್ ಬಾಯಿಯ ನೊರೆ ಉಗಿದು ಬಂದು, “ಅಕ್ಕ, ಟೆಕ್ನಿಕಲಿ ಅದು ಬೇರೆ ಬ್ಲಾಕ್‌ಚೈನು. ಈ ಚೈನಲ್ಲಿ ಇದೇ ಒರಿಜಿನಲ್ಲು,” ಎಂದ.

“ನಿನ್ನ ಟೆಕ್ನಿಕಲಿ ಹಾಳಾಗ! ಮಂಗ ಮಾರೋಕಾಗಲಿಲ್ಲ ಅಂತ ನನ್ನ ಬೆನ್ನಿಗೆ ಬಿದ್ದೆಯಾ?”

“ದೊಡ್ಡಪ್ಪನೇ ಕೊಟ್ಟಿದ್ದು. ನಾನೆಂತ ಕದ್ದಿದ್ದಲ್ಲ.”

ಸುಮನಾ ಮತ್ತೆ ಮೊದಲಿಂದ ಶುರುಮಾಡಿದಳು. ಸಾವಿರಾರು ಕಂಪ್ಯೂಟರುಗಳು, ದಾಖಲೆ, ಒಂದೇ ಪ್ರತಿ. ರೇಣುಕಪ್ಪನವರು ತಲೆಯಾಡಿಸುತ್ತ ಕೇಳಿ, “ಇರಲಿ, ಈಗ ಮುಂದಿನ ಫಸಲಿಗೆ ಆ ಯಮ್ಮಂಗೇ ಕೊಟ್ಟರಾಯ್ತು,” ಎಂದರು. ಸುಮನಾ ಕೈಲಿದ್ದ ವ್ಯಾನಿಟಿ ಬ್ಯಾಗನ್ನು ಜಗಲಿಯ ಮೇಲೆ ಎಸೆದಳು. ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಳು. ಅಪ್ಪನದೇ ರೂಢಿ ಅದು.

“ಅಪ್ಪಾಜಿ, ಚೇಣಿ ಅಂತಾನೇ ಇಟ್ಕೊಳ್ಳಿ. ಆ ಯಮ್ಮಂಗೆ ನಾನು ಕೊಟ್ಟಿದ್ದು ಒಂದು ಫಸಲಲ್ಲ. ಆ ತೋಟದಲ್ಲಿ ಮುಂದೆ ಬರೋ ಎಲ್ಲ ಫಸಲೂ ಅವಳಿಗೇ ಅಂತ ಮಾತಾಗಿದೆ. ಅವಳ ಅಡಿಕೆ ಮರದ ಮೇಲಿರೋವಾಗ ನೀವು ಇನ್ನೊಬ್ಬರಿಗೆ ಕೊಟ್ರಿ.”

ರೇಣುಕಪ್ಪನವರ ಕೈಲಿದ್ದ ಲೋಟ ಅರ್ಧದಲ್ಲೇ ನಿಂತಿತು.

“ಒಂದೇ ತೋಟ ಇಬ್ಬರಿಗಾ?”

“ಇಬ್ಬರಿಗೆ.”

“ನಾನು?”

“ನೀವೇ.”

ಆ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷದಲ್ಲಿ ಅಂಥ ಕೆಲಸ ಮಾಡಿದ ಒಬ್ಬಿಬ್ಬರನ್ನು ಅವರು ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟಿದ್ದರು. ‘ಅವನು’ ಎಂದಷ್ಟೇ ಹೇಳುತ್ತಿದ್ದರು. ಲೋಟ ಕೆಳಗಿಟ್ಟು ಒಳಗೆ ಹೋದರು. ಇಸ್ತ್ರಿ ಅಂಗಿ ಹಾಕಿಕೊಂಡು ಹೊರಗೆ ಬಂದರು.

“ಯಾರಿಗೋ ಕೊಟ್ಟಿದ್ದು?”

“ಲೇಔಟ್ ಸೋಮನಾಥಣ್ಣಂಗೆ,” ಎಂದ ಉಜ್ವಲ್.

“ಬಾಯಿ ತೊಳ್ಕೊ. ನಡಿ.”

ಸೋಮನಾಥ್ ಸೈಟು ಮಾಡಿ ಮಾರುವವರು. ಮೂರು ವರ್ಷದಲ್ಲಿ ನೂರು ಪಟ್ಟು ಆಗುತ್ತದೆ ಎಂದು ಉಜ್ವಲ್ ಹೇಳಿದ್ದಕ್ಕೆ ಕೊಂಡಿದ್ದರು. ಕೊಂಡದ್ದು ಕೈಗೆ ಸಿಗಲಿಲ್ಲವೆಂದು ತಾವೇ ಫ್ಲೆಕ್ಸ್ ಮಾಡಿಸಿ, ಚಿನ್ನದ ಬಣ್ಣದ ಫ್ರೇಮು ಹಾಕಿಸಿ, ಮೇಲೊಂದು ದೀಪವನ್ನೂ ಇಟ್ಟು ಆಫೀಸಿನ ಗೋಡೆಗೆ ತೂಗುಹಾಕಿದ್ದರು. ನನಗೆ ಅವರ ಮೇಲೆ ಒಂಥರಾ ಆತ್ಮೀಯತೆ ಹುಟ್ಟಿತು. ನನ್ನ ಪೆಟ್ಟಿಗೆಯೂ ಅವರ ಫ್ರೇಮೂ ಒಂದೇ ಜಾತಿಯವು.

ರೇಣುಕಪ್ಪನವರು ಕೂರಲಿಲ್ಲ. ದುಡ್ಡನ್ನು ಮೇಜಿನ ಮೇಲಿಟ್ಟು, “ಸೋಮನಾಥ, ಇದು ನನ್ನ ಮಾಲಲ್ಲ. ತಪ್ಪಾಗಿ ಕೊಟ್ಟೆ. ಬಿಟ್ಟುಕೊಡು,” ಎಂದರು.

“ಅಯ್ಯೋ, ಕೊಡ್ತೀನಿ ಬಿಡಿ ರೇಣುಕಪ್ಪನೋರೆ. ನೂರು ಪಟ್ಟು ಅಂದ, ಇನ್ನೂ ಒಂದು ಪಟ್ಟೂ ಆಗಿಲ್ಲ. ಆದ್ರೆ ಫ್ರೇಮಿಗೆ ಖರ್ಚಾಯ್ತಲ್ಲ?”

“ಫ್ರೇಮ್ ಇಟ್ಕೊ. ಅದರಲ್ಲಿ ನಿಮ್ಮಪ್ಪನ ಫೋಟೋ ಹಾಕು.”

“ಫೋಟೋ ಕಳಿಸಿ ಅಣ್ಣ,” ಎಂದಳು ಸುಮನಾ. “ಕೋಟು ನಾನು ಹಾಕ್ಕೊಡ್ತೀನಿ.”

ಸೋಮನಾಥರ ಡಿಜಿಟಲ್ ತಿಜೋರಿ ಇದ್ದದ್ದೂ ಉಜ್ವಲನ ಫೋನಿನಲ್ಲೇ. ಬ್ಲಾಕ್‌ಚೈನಿನಲ್ಲಿ ಬರೆದದ್ದನ್ನು ಅಳಿಸಲಾಗುವುದಿಲ್ಲ. ಬೇಡವಾದ ಪ್ರತಿಯನ್ನು ಯಾರೂ ತೆರೆಯಲಾಗದ, ಯಾರದೂ ಅಲ್ಲದ ವಿಳಾಸಕ್ಕೆ ಕಳಿಸಿಬಿಡುತ್ತಾರೆ; ಅದು ಅಲ್ಲೇ ಬಿದ್ದಿರುತ್ತದೆ, ಮತ್ತೆ ಕೈಗೆ ಬರುವುದಿಲ್ಲ. ಸುಮನಾ ಎದುರೇ ನಿಂತು ಉಜ್ವಲನ ಕೈಲಿ ಅದನ್ನು ಮಾಡಿಸಿದಳು. ಇದನ್ನು ಬೇಕೆಂದೇ ಮಾಡುವವರಿದ್ದಾರೆ ಎಂದು ನನಗೆ ಅವತ್ತೇ ಗೊತ್ತಾದದ್ದು. ನಮ್ಮ ಆಫೀಸಿನಲ್ಲಿ ತಾನಾಗಿ ಆಗುತ್ತದೆ.

ಹೊರಗೆ ಬಂದು ಸುಮನಾ, ಇನೇಸಳಿಗೆ ಎಲ್ಲ ವಿವರಿಸಿ ಮೇಲ್ ಬರೆಯುತ್ತೇನೆ ಎಂದಳು. ರೇಣುಕಪ್ಪನವರು ಒಪ್ಪಲಿಲ್ಲ.

“ಬರೆದು ಕಳಿಸೋ ಮಾತಾ ಇದು? ಮುಖ ನೋಡಿ ಹೇಳ್ಬೇಕು. ಆ ಯಮ್ಮನ ಮನೆಗೆ ಯಾವಾಗ ಹೋಗೋದು?”

“ಪೋರ್ಚುಗಲ್ ಅಪ್ಪಾಜಿ.”

“ಎಷ್ಟು ದೂರ ಆದ್ರೂ ಇರಲಿ.”

ಕೊನೆಗೆ ವೀಡಿಯೋ ಕಾಲಿಗೆ ಒಪ್ಪಿದರು. ಆದರೆ ಮೂರನೆಯ ಮನುಷ್ಯ ಬೇಕೇ ಬೇಕು ಎಂದರು. ತನ್ನ ಮಾಲಿಗೆ ತಾನೇ ಸಾಕ್ಷಿ ಹೇಳುವ ಹಾಗಿಲ್ಲ. ಹಾಗಾಗಿ ಸುಮನಾಳಿಗೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತಿದ್ದರೂ ಅನುವಾದದ ಕೆಲಸ ನನ್ನ ತಲೆಗೆ ಬಂತು.

ಮರುದಿನ ಮಧ್ಯಾಹ್ನ, ಅಲ್ಲಿಯವರಿಗೆ ಬೆಳಗಾಗುವ ಹೊತ್ತಿಗೆ, ಗಣಪಯ್ಯನವರ ಅಂಗಡಿಯಲ್ಲಿ ಸೇರಿದೆವು. ಫ್ಲಾಸ್ಕು ಇಳಿಸಿ ನನ್ನ ಪೋರ್ಚುಗಲ್ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಅಂತೂ ಅದು ಇನೇಸಳ ಮುಖದ ಹತ್ತಿರಕ್ಕೆ ಬಂತು. ರೇಣುಕಪ್ಪನವರು ಹಣೆ ತುಂಬ ವಿಭೂತಿ ಧರಿಸಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬಂದಿದ್ದರು. ಇನೇಸ್ ಕಾಣಿಸಿದಳು, ನಡುವಯಸ್ಸಿನವಳು, ಗದ್ದಕ್ಕೆ ಮಾಸ್ಕು ಇಳಿಸಿಕೊಂಡಿದ್ದಳು. ರೇಣುಕಪ್ಪನವರು ಎದ್ದು ನಿಂತು ತಟ್ಟೆಯನ್ನು ಕ್ಯಾಮೆರಾದ ಮುಂದೆ ಚಾಚಿದರು. ಅವಳಿಗೆ ಸ್ವಲ್ಪ ಹೊತ್ತು ಬರೀ ವೀಳ್ಯದೆಲೆ ಕಂಡಿರಬೇಕು.

“ತಾಯಿ, ನಿಮ್ಮ ಫಸಲು ಮರದ ಮೇಲಿತ್ತು. ನಾನು ತಿಳಿಯದೆ ಇನ್ನೊಬ್ಬರಿಗೆ ಕೊಟ್ಟೆ. ಮಗಳಿಗೆ ಗೊತ್ತಿರಲಿಲ್ಲ. ವಾಪಸ್ ತಗೊಂಡಿದೀನಿ. ತಪ್ಪು ನಂದು.”

ಇದಕ್ಕೆ ನಾನು ಕೊಟ್ಟ ಇಂಗ್ಲಿಷಿನಲ್ಲಿ ಮರ ಬಂತು, ಕಾಯಿ ಬಂತು, ಬಾಡಿಗೆ ಬಂತು, ಕ್ಷಮೆಯೂ ಎಲ್ಲೋ ಬಂತು. ಸುಮನಾ ಹಣೆ ಒತ್ತಿಕೊಂಡಳು. ಇನೇಸ್ ತಟ್ಟೆಯನ್ನೇ ನೋಡಿ, ಅದು ಅಡಿಕೆಯೇ ಎಂದು ಕೇಳಿದಳು. ಹೌದೆಂದೆ. ಅದು ಹಲ್ಲಿಗೂ ಬಾಯಿಗೂ ಬಹಳ ಕೆಟ್ಟದ್ದು, ಆ ಹಿರಿಯರಿಗೆ ದಯವಿಟ್ಟು ಹೇಳಿ ಎಂದಳು. ಅದನ್ನು ನಾನು ಅನುವಾದಿಸಲಿಲ್ಲ.

“ಎಂತ ಅಂದ್ರು?” ಎಂದರು ರೇಣುಕಪ್ಪನವರು.

“ಸಂತೋಷ ಅಂದ್ರು.”

ಆಮೇಲೆ ಸುಮನಾ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಎಲ್ಲ ಹೇಳಿದಳು, ಚೇಣಿಯನ್ನೂ ಸೇರಿಸಿ. ಇನೇಸ್ ಎರಡು ಸಲ ನಕ್ಕಳು. ಒಮ್ಮೆ ನನ್ನ ಕಡೆ ನೋಡಿ ನಕ್ಕಳು. ಯಾರದೂ ಅಲ್ಲದ ವಿಳಾಸಕ್ಕೆ ಆ ಪ್ರತಿ ಹೋದದ್ದನ್ನು ತಾನೇ ನೋಡಿದೆ, ಅದರ ಬಗ್ಗೆ ತಕರಾರಿಲ್ಲ ಎಂದಳು. ಆದರೆ ಗ್ಯಾಲರಿಯವರಿಗೆ ಬರೆದು ಕೊಡುವಾಗ ಇನ್ನೊಂದು ಪ್ರಶ್ನೆಗೂ ಉತ್ತರ ಬೇಕಂತೆ.

ಪ್ರದರ್ಶನ ನಡೆಯಿತು, ಹನ್ನೆರಡೂ ಬೆನ್ನುಗಳು ಅದರಲ್ಲಿದ್ದವು ಎಂಬುದನ್ನು ಮುಚ್ಚಿಡುವುದಿಲ್ಲ. ಯುಗಾದಿಗೆ ಸುಮನಾ ಕೆಲಸವನ್ನೂ ಬಿಟ್ಟಳು. ಹೊಸ ಹುಡುಗಿ ಹಾಕುವ ಕೋಟು ಸತ್ತವರ ಕತ್ತಿಗೆ ಕೂರುವುದಿಲ್ಲವೆಂದು ಗಣಪಯ್ಯನವರು ಇವತ್ತಿಗೂ ಗೊಣಗುತ್ತಾರೆ. ಅವತ್ತಿನ ಆ ಉತ್ತರದಿಂದಾಗಿ ಕೆಲಸ ಆಯಿತೋ, ಆ ಉತ್ತರ ಇದ್ದೂ ಆಯಿತೋ, ನನಗಂತೂ ತಿಳಿದಿಲ್ಲ.

ಇನೇಸ್ ಕೇಳಿದ್ದು ಇಷ್ಟೇ: “ಇನ್ನು ಮುಂದೆ ಇಂಥದ್ದು ಆಗುವುದಿಲ್ಲ ಎಂದು ನೀನು ಖಾತ್ರಿ ಕೊಡುತ್ತೀಯಾ?”

ನಾನು ಪೆಟ್ಟಿಗೆಯ ಮರೆಯಲ್ಲಿ ಸುಮನಾಳ ಕಾಲು ತುಳಿದೆ. ಗಣಪಯ್ಯನವರು ಪ್ರಿಂಟರಿನ ಹಿಂದಿನಿಂದ ಹೂಂ ಅನ್ನು, ಹೂಂ ಅನ್ನು ಎಂದು ತಲೆಯಾಡಿಸಿದರು. ಸುಮನಾ ಒಮ್ಮೆ ತಿರುಗಿ ಅಪ್ಪನನ್ನು ನೋಡಿದಳು. ಅವರು ತಟ್ಟೆ ಹಿಡಿದು ಇನ್ನೂ ನಿಂತೇ ಇದ್ದರು.

“ಕೊಡಲ್ಲ,” ಎಂದಳು. “ಅಪ್ಪ ಮನೇಲೇ ಇದಾರೆ. ಫೋನೂ ಅವರ ಹತ್ರಾನೇ ಇದೆ.”